ಹಿಂದಿನ ಕಾಲು

ಇಷ್ಟಕ್ಕೆಲ್ಲ ಮೂಲ ಒಂದು ಕೆಟ್ಟ ಟಾರ್ಚು.

ಜಾವಳಿಯ ರುಕ್ಮಿಣಮ್ಮನವರ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದ ಜಯಪ್ರಕಾಶನಿಗೆ ಲೋಕದಲ್ಲಿ ಆನೆಯೊಂದನ್ನು ಬಿಟ್ಟರೆ ಬೇರೆ ಯಾವ ಭಯವೂ ಇರಲಿಲ್ಲ. ಆದರೆ ಆ ಒಂದು ಭಯವೇ ಆನೆಯಷ್ಟು ದೊಡ್ಡದಿತ್ತು. ಮನೆಯಿಂದ ಎಸ್ಟೇಟಿಗೆ ಹೋಗುವ ಕಾಲುದಾರಿಯಲ್ಲಿ ಒಂಟಿ ಸಲಗವೊಂದು ಓಡಾಡುತ್ತಿದೆ ಎಂಬ ಸುದ್ದಿ ಬಂದದ್ದೇ ತಡ, ಅವನು ನಸುಕಿನಲ್ಲಿ ಹೋಗಿ ಆಳುಗಳ ಹಾಜರಿ ತೆಗೆಯುವುದನ್ನು ಬಿಟ್ಟ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಅದೂ ಯಾರಾದರೂ ಜೊತೆಗೆ ಸಿಕ್ಕರೆ, ಹೊರಡುತ್ತಿದ್ದ.

ಆ ದಾರಿಗೆಂದೇ ಇಟ್ಟುಕೊಂಡಿದ್ದ ದೊಡ್ಡ ಟಾರ್ಚು ಒಂದು ದಿನ ಕೈಕೊಟ್ಟಿತು. ಮೂಡಿಗೆರೆಯ ಹಳೇ ಕಾಫಿ ಗೋಡೌನಿನಲ್ಲಿ ಹ್ಯಾಕರ್‌ಸ್ಪೇಸ್ ಅಂತ ಶುರುವಾಗಿದೆ, ಯಾರು ಬೇಕಾದರೂ ಹೋಗಿ ಕೆಟ್ಟಿದ್ದನ್ನು ತಾವೇ ರಿಪೇರಿ ಮಾಡಿಕೊಳ್ಳಬಹುದು, ಅಲ್ಲಿಯವರೇ ಕೂತು ಹೇಳಿಕೊಡ್ತಾರೆ ಎಂದು ಯಾರೋ ಹೇಳಿದರು. ಹೋದ. ಅದನ್ನು ನಡೆಸುವ ಧನ್ಯಾ ಎಂಬ ಚುರುಕು ಹುಡುಗಿ ಟಾರ್ಚು ಬಿಚ್ಚಿಸುತ್ತ, "ಇಷ್ಟು ದೊಡ್ಡ ಟಾರ್ಚು ಯಾಕಣ್ಣಾ?" ಎಂದಳು. ಇವನು ತುಟಿ ಬಿಗಿದು ಕೂತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

"ಆನೆ," ಎಂದ.

ಧನ್ಯಾಳ ಕಣ್ಣು ಅರಳಿತು. ಊರಿನವರನ್ನು ಗೋಡೌನಿಗೆ ಎಳೆದು ತರಲು ಅವಳು ಮಾಡದ ಸರ್ಕಸ್ಸಿರಲಿಲ್ಲ. ಹ್ಯಾಕರ್ ಎಂದರೆ ಬ್ಯಾಂಕಿನ ದುಡ್ಡು ಎಗರಿಸುವವರು ಎಂದು ಜನ ಹೆದರಿದ್ದರು. ಹೋದ ಸಲದ ಶಿಬಿರಕ್ಕೆ ಬಂದ ಇಬ್ಬರೂ ಫೋನನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬಂದಿದ್ದರು. ಆನೆ ಎಂದರೆ ಮಾತ್ರ ಮಲೆನಾಡಿನಲ್ಲಿ ಯಾರು ಬರುವುದಿಲ್ಲ?

ಹಾಗೆ ಹುಟ್ಟಿದ್ದು ಆನೆ ಪೆಟ್ಟಿಗೆ. ಒಳಗೊಂದು ಕ್ಯಾಮೆರಾ. ಆನೆ ಕಂಡರೆ ಊರಿಗೆಲ್ಲ ಕೇಳುವ ಹಾಗೆ ಸೈರನ್ ಕೂಗುತ್ತದೆ, ಆ ಸದ್ದಿಗೆ ಆನೆ ಕಾಲಿಗೆ ಬುದ್ಧಿ ಹೇಳುತ್ತದೆ. ಆದರೆ ಆನೆ ಹೇಗಿರುತ್ತದೆ ಎಂದು ಪೆಟ್ಟಿಗೆಗೆ ಮೊದಲು ತೋರಿಸಿ ಕಲಿಸಬೇಕು.

"ಆನೆ ಎದುರಿಗೆ ಪೆಟ್ಟಿಗೆ ಹಿಡ್ಕೊಂಡು ನಿಲ್ಲೋರು ಯಾರು ಮಾರಾಯ್ರೆ?" ಎಂದರು ನಿವೃತ್ತ ಫಿಸಿಕ್ಸ್ ಮೇಷ್ಟ್ರು ದೇವೇಂದ್ರ. ಹ್ಯಾಕರ್‌ಸ್ಪೇಸಿನ ಹಿರಿಯ ಸದಸ್ಯರು ಅವರೇ.

ಕೊನೆಗೆ ಕಾಫಿ ಗೋಣಿ, ಬಿದಿರು ಸೇರಿಸಿ ಒಂದು ಆನೆ ತಯಾರಾಯಿತು. ಮುಂದಿನ ಕಾಲು ದೇವೇಂದ್ರ ಮೇಷ್ಟ್ರು, ಹಿಂದಿನ ಕಾಲು ಜಯಪ್ರಕಾಶ. ವಾರವಿಡೀ ಇಬ್ಬರೂ ಗೋಡೌನಿನ ಕಣದಲ್ಲಿ ಅತ್ತಿಂದಿತ್ತ ನಡೆದರು, ಪೆಟ್ಟಿಗೆ ನೋಡಿ ನೋಡಿ ಕಲಿಯಿತು. ಮುಂದಿನ ಕಾಲಿಗಾದರೂ ಎದುರಿನ ದಾರಿ ಕಾಣುತ್ತಿತ್ತು. ಹಿಂದಿನ ಕಾಲಿಗೆ ಮೇಷ್ಟ್ರ ಬೆನ್ನು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಆನೆಗೆ ಹೆದರಿ ಹೆದರಿ ಕೊನೆಗೆ ತಾನೇ ಅರ್ಧ ಆನೆಯಾಗಬೇಕಾಯಿತಲ್ಲ ಎಂದು ಜಯಪ್ರಕಾಶನಿಗೆ ಅಳುವೇ ಬರುತ್ತಿತ್ತು.

ಊರಿಗೆಲ್ಲ ಪೆಟ್ಟಿಗೆ ತೋರಿಸುವ ಕಾರ್ಯಕ್ರಮ ಭಾನುವಾರ, ಜಾವಳಿಯ ಶಾಲೆ ಮೈದಾನದಲ್ಲಿ. ಬೆಳಗ್ಗೆಯೇ ರುಕ್ಮಿಣಮ್ಮ ಅವನನ್ನು ಕರೆದು ನಿಲ್ಲಿಸಿದರು.

"ನೋಡಿ ಜಯಪ್ರಕಾಶ್, ನೀವು ಬರದೆ ಆಳುಗಳು ಹೊತ್ತು ಏರೋ ತನಕ ಲೈನ್ ಮನೆ ಕಟ್ಟೆ ಮೇಲೆ ಕೂತು ಹರಟೆ ಹೊಡೀತಾರೆ. ಇವತ್ತು ಆ ಪೆಟ್ಟಿಗೆ ಕೂಗಿದ್ರೆ ನಿಮ್ಮ ದಾರಿಗೆ ನಾನೇ ಅದನ್ನ ಹಾಕಿಸ್ತೀನಿ, ನಾಳೆಯಿಂದ ನಸುಕಿಗೇ ಹಾಜರಾಗ್ಬೇಕು. ಕೂಗದಿದ್ರೆ ನಾನು ಬೇರೆ ರೈಟರ್ ನೋಡ್ಕೋತೀನಿ."

"ಕೂಗತ್ತೆ ಅಮ್ಮಾ, ಖಂಡಿತ ಕೂಗತ್ತೆ," ಎಂದ. ಒಳಗೊಳಗೇ ಮನೆದೇವರಿಗೆ ಕೈಮುಗಿದ.

ಮಧ್ಯಾಹ್ನಕ್ಕೆ ಮೈದಾನ ತುಂಬಿತು. ಒಂದು ಕಡೆ ಮಕ್ಕಳು ಪುಟ್ಟ ಪುಟ್ಟ ದೀಪ ಬೆಸೆಯುತ್ತಿದ್ದರು, ಇನ್ನೊಂದು ಕಡೆ ಹೆಂಗಸರು ಕೆಟ್ಟ ಮಿಕ್ಸಿ ಬಿಚ್ಚಿ ಕೂತಿದ್ದರು. ಮೈದಾನದ ಆ ತುದಿಯಲ್ಲಿ ಕಾಫಿ ತೋಟ ಶುರುವಾಗುವಲ್ಲಿ ಒಂದು ಸಿಲ್ವರ್ ಓಕ್ ಮರ, ಮರಕ್ಕೆ ಪೆಟ್ಟಿಗೆ, ಬುಡದಲ್ಲಿ ಶೋಭೆಗೆಂದು ಒಂದು ಬಾಳೆಗೊನೆ. ಅಷ್ಟರಲ್ಲಿ ಗುಡ್ಡದಿಂದ ಮಂಜು ಇಳಿಯತೊಡಗಿತು.

ತೋಟದ ಮರೆಯಲ್ಲಿ ಗೋಣಿ ಹೊದ್ದು ನಿಂತ ಜಯಪ್ರಕಾಶನ ಕಾಲು ಗಡಗಡ ನಡುಗುತ್ತಿತ್ತು. "ಸಾರ್, ನಮ್ಮನ್ನ ನೋಡಿ ನಿಜವಾದ ಆನೆ ನೆಂಟರು ಬಂದ್ರು ಅಂತ ಬಂದ್ಬಿಟ್ರೆ?"

"ಸುಮ್ನೆ ನಡೀರಿ. ನೀವು ನಡುಗಿದ್ರೆ ಆನೆಗೆ ಜ್ವರ ಬಂದ ಹಾಗೆ ಕಾಣತ್ತೆ."

ಹೊರಟರು. ಮರದ ಎದುರು ಬಂದದ್ದೇ ತಡ, ಪೆಟ್ಟಿಗೆ ಕಿವಿ ಹರಿದುಹೋಗುವ ಹಾಗೆ ಕೂಗಿತು. ಮೈದಾನವಿಡೀ ಚಪ್ಪಾಳೆ. ಗೋಣಿಯೊಳಗೇ ಜಯಪ್ರಕಾಶನಿಗೆ ಹೋದ ಜೀವ ಬಂದಂತಾಯಿತು. ಕೆಲಸ ಉಳಿಯಿತು!

ಆದರೆ ಅವನ ಹಣೆಬರಹ ನೋಡಿ. ಸಂತೆ ಮುಗಿಸಿ ಆಗಷ್ಟೇ ಜೀಪಿನಿಂದ ಇಳಿದ ಎಸ್ಟೇಟಿನ ಮೇಸ್ತ್ರಿ ಮಲ್ಲೇಶನಿಗೆ ಈ ಆಟದ ಸುಳಿವೇ ಇರಲಿಲ್ಲ. ಸೈರನ್ ಕೂಗುತ್ತಿದೆ, ಮಂಜಿನಲ್ಲಿ ಆನೆ ನಿಂತಿದೆ, ಜೀಪಿನಲ್ಲಿ ಆನೆ ಓಡಿಸಲೆಂದೇ ಇಟ್ಟ ಪಟಾಕಿ ಇದೆ. ಇನ್ನು ಕೇಳಬೇಕೆ? ಸರ ಹಚ್ಚಿ ಎಸೆದೇಬಿಟ್ಟ. ಅದು ಬಿದ್ದದ್ದು ಸರಿಯಾಗಿ ಹಿಂದಿನ ಕಾಲಿನ ಬುಡಕ್ಕೆ.

"ಅಯ್ಯಯ್ಯಪ್ಪೋ!" ಎಂದು ಆನೆ ಕಿರುಚಿತು. ಮರುಕ್ಷಣ ಮುಂದಿನರ್ಧ ಶಾಲೆ ಕಡೆಗೆ ಓಡಿತು, ಹಿಂದಿನರ್ಧ ತೋಟಕ್ಕೆ ನುಗ್ಗಿತು. ಕಣ್ಣು ಕಾಣದೆ ಓಡಿದ ಜಯಪ್ರಕಾಶ, ಮಳೆನೀರು ಇಂಗಲೆಂದು ಕಾಫಿ ಗಿಡಗಳ ನಡುವೆ ತೋಡಿದ್ದ ತೊಟ್ಟಿಲುಗುಂಡಿಗೆ ದಬಕ್ಕನೆ ಬಿದ್ದ. ಬಿದ್ದವನು ಗೋಣಿಯನ್ನು ತಲೆ ತುಂಬ ಎಳೆದುಕೊಂಡು ಮುದುಡಿ ಮಲಗಿದ. ಏಳಲು ಧೈರ್ಯವಿರಲಿಲ್ಲ, ಮಲಗಿರಲೂ ಧೈರ್ಯವಿರಲಿಲ್ಲ.

ಸ್ವಲ್ಪ ಹೊತ್ತಿಗೆ ತರಗೆಲೆ ಸದ್ದಾಯಿತು. ಯಾರೋ ಭಾರವಾಗಿ ಹೆಜ್ಜೆ ಇಡುತ್ತ ಗುಂಡಿಯ ಪಕ್ಕಕ್ಕೇ ಬಂದು ನಿಂತರು.

"ಸಾರ್, ಇಲ್ಲಿದೀನಿ," ಎಂದ ಮೆಲ್ಲಗೆ.

ಭುಸ್ಸೆಂದು ಬಿಸಿಯುಸಿರು ಬಂತು. ಒದ್ದೆಯಾದದ್ದೇನೋ ಗೋಣಿಯ ಸಂದಿಯಲ್ಲಿ ಅವನ ಕುತ್ತಿಗೆ ಸವರಿತು. ಪಾಪ, ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಓಡಬಾರದಿತ್ತು, ಎಷ್ಟು ಬೆವರಿದ್ದಾರೆ ಎಂದು ಮರುಗಿದ. ಹೆಜ್ಜೆಗಳು ಮೈದಾನದ ಕಡೆಗೆ ಸರಿದವು. ಮೈಕಿನಲ್ಲಿ ಧನ್ಯಾಳ ದನಿ ಕೇಳಿತು: "ನೋಡಿ ನೋಡಿ, ಪಟಾಕಿಗೂ ಹೆದರದೆ ನಮ್ಮ ಆನೆ ಮತ್ತೆ ಬಂತು!" ಅದರ ಬೆನ್ನಿಗೇ ಶಿಳ್ಳೆ, ಕೇಕೆ. ಮೇಷ್ಟ್ರು ಒಬ್ಬರೇ ಆಟ ಮುಗಿಸಿ ತನ್ನ ಕೆಲಸ ಉಳಿಸಿದರಲ್ಲ ಎಂದು ಗುಂಡಿಯಲ್ಲೇ ಅವರಿಗೆ ಕೈಮುಗಿದ.

ಎಲ್ಲ ತಣ್ಣಗಾದ ಮೇಲೆ ಕೆಸರು ಮೆತ್ತಿಕೊಂಡು ಮೈದಾನಕ್ಕೆ ಬಂದರೆ ಜನ ಅವನನ್ನು ಮುತ್ತಿಕೊಂಡರು.

"ಎರಡನೇ ಸಲ ಬಂದ್ರಲ್ಲ, ಎಂಥಾ ಚಂದ ಮಾರಾಯ್ರೆ!" ಎಂದರು ರುಕ್ಮಿಣಮ್ಮ. "ಆ ಕಿವಿ ಬೀಸಿದ್ದೇನು, ಸೊಂಡಿಲಲ್ಲಿ ಬಾಳೆಗೊನೆ ಎತ್ತಿದ್ದೇನು!"

"ನಾನಂತೂ ಈ ಸಲ ಚಪ್ಪಾಳೆ ಹೊಡ್ದೆ," ಎಂದ ಮಲ್ಲೇಶ. "ಬಾಲ ಅಲ್ಲಾಡ್ಸಿದ್ದು ಮಾತ್ರ ಸ್ವಲ್ಪ ಓವರ್ ಆಯ್ತು."

"ಆಗ ಪೆಟ್ಟಿಗೆ ಯಾಕೋ ಕೂಗ್ಲೇ ಇಲ್ಲ," ಎಂದು ಧನ್ಯಾ ತಲೆ ಕೆರೆದುಕೊಂಡಳು. "ಬ್ಯಾಟರಿ ಹೋಗಿರ್ಬೇಕು."

ಜಯಪ್ರಕಾಶ ಮೇಷ್ಟ್ರನ್ನು ಹುಡುಕಿದ. ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಗೋಣಿ ಸೊಂಡಿಲನ್ನು ಮಡಿಲಲ್ಲಿಟ್ಟುಕೊಂಡು ಅವರು ಕೂತಿದ್ದರು.

"ಸಾರ್, ನೀವು ಒಬ್ಬರೇ ಅದು ಹೇಗೆ..."

"ನಾನಾ? ಪಟಾಕಿ ಬಿದ್ದಾಗಿಂದ ನಾನು ಇಲ್ಲೇ ಇದೀನಲ್ರೀ. ನೀವೇ ಒಬ್ರೇ ಹೋಗಿದೀರಿ, ಗಟ್ಟಿ ಗುಂಡಿಗೆ ಅಂದ್ಕೊಂಡೆ."

ಇಬ್ಬರೂ ಮಡಿಲಲ್ಲಿದ್ದ ಸೊಂಡಿಲನ್ನು ನೋಡಿದರು. ಆಮೇಲೆ ಸಿಲ್ವರ್ ಮರದ ಬುಡವನ್ನು ನೋಡಿದರು. ಬಾಳೆಗೊನೆ ಇರಲಿಲ್ಲ. ಜಯಪ್ರಕಾಶ ಕುತ್ತಿಗೆ ಮುಟ್ಟಿಕೊಂಡ. ಇನ್ನೂ ಅಂಟಂಟಾಗಿತ್ತು. ಮೇಷ್ಟ್ರಿಗೆ ಅಂಟಿಕೊಂಡು ಕೂತ.

ಅಷ್ಟರಲ್ಲಿ ರುಕ್ಮಿಣಮ್ಮ ಅಲ್ಲಿಗೂ ಬಂದರು. "ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕ್ಸಿ ಇವತ್ತೇ ನಿಮ್ಮ ದಾರಿಗೆ ಕಟ್ಟಿಸ್ತೀನಿ. ನಾಳೆ ನಸುಕಿಗೆ ಹಾಜರಿ, ಗೊತ್ತಾಯ್ತಲ್ಲ?"

"ಅಮ್ಮಾ, ಅದು... ಆ ಪೆಟ್ಟಿಗೆ..."

"ಯಾಕೆ, ಸರಿ ಇಲ್ವಾ?" ಅವರ ಹುಬ್ಬು ಮೇಲೇರಿತು. ಆ ಹುಬ್ಬಿನಲ್ಲಿ ಅವನಿಗೆ ಹೊಸ ರೈಟರ್ ಕಂಡ.

"ತುಂಬಾ ಚೆನ್ನಾಗಿದೆ ಅಮ್ಮಾ," ಎಂದ.

ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದ. ಸೈರನ್ ಕೇಳಿದರೆ ಆನೆ ಓಡುತ್ತದೆ, ಅದು ನಿಜ. ಆದರೆ ಈ ಪೆಟ್ಟಿಗೆ ಕೂಗುವುದು ಗೋಣಿ ಆನೆಯನ್ನು ಕಂಡರೆ ಮಾತ್ರ. ಅವನು ಮೇಷ್ಟ್ರ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಸಾರ್, ನಾಳೆ ನಸುಕಿಗೆ ಬಿಡುವಾಗಿದೀರಾ?"

ಮೇಷ್ಟ್ರು ಮಂಜು ಕವಿದ ತೋಟವನ್ನೊಮ್ಮೆ, ಅವನ ಒದ್ದೆ ಕುತ್ತಿಗೆಯನ್ನೊಮ್ಮೆ ನೋಡಿದರು. ಸೊಂಡಿಲನ್ನು ಅವನ ಕೈಗಿತ್ತು ಸ್ಕೂಟರ್ ಹತ್ತಿದರು.

"ನೀವೇ ಮುಂದಿನ ಕಾಲಾಗಿ ಜಯಪ್ರಕಾಶ್. ಹಿಂದಿನ ಕಾಲಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."