ದೊಡ್ಡ ಮಷೀನು ಬಂತು, ಕಾಕಾ ಹೋದ

ಬಡಿಗರ ಅಂಗಡ್ಯಾಗ ಕಟಗಿ ಖಾಲಿ ಆದೀತು, ಗಿರಾಕಿ ಕಡಿಮಿ ಆದಾರು, ನಗೂ ಪ್ರಸಂಗ ಮಾತ್ರ ಖಾಲಿ ಆಗಂಗಿಲ್ರಿ. ಹೋದ ವರ್ಷ ವಾಡಿ ಊರಾಗಿನ ನನ್ನ ಅಂಗಡಿಗೆ ಕಟಗಿ ಕೊಯ್ಯೂ ದೊಡ್ಡ ಬ್ಯಾಂಡ್ ಸಾ ಮಷೀನು ತಂದ ಮ್ಯಾಲಂತೂ ಒಂದರ ಹಿಂದ ಒಂದು. ತ್ರಾಸ ಏನಂದ್ರ, ಜೋಡಿ ಕುಂತು ನಗಾವ್ರು ಯಾರೂ ಇರ್ಲಿಲ್ಲ. ಹೆಂಡ್ತಿ ತೀರಿಕೊಂಡು ಆರು ವರ್ಷ ಆತು. ಮಗಳ್ನ ಚಿಂಚೋಳಿಗೆ ಕೊಟ್ಟೀನಿ. ಅಂಗಡ್ಯಾಗ ಜೋಡಿ ಇದ್ದಂವ ಒಬ್ಬ ಕಾಕಾ, ಮಷೀನು ಬಂದ ವಾರದಾಗ ಅವನೂ ಸಿಟ್ಟು ಮಾಡ್ಕೊಂಡು ಹೋದ.

ಬಾಗಲಾ

ಮೊದಲಿದ್ದುದು ಸಣ್ಣ ಮಷೀನು. ಕುರ್ಚಿ ಕಾಲು, ಸ್ಟೂಲು ಕೊಯ್ಲಿಕ್ಕೆ ನಡೀತಿತ್ತು. ಸಾಗವಾನಿ ದಿಮ್ಮಿ ಇಟ್ರ ದಮ್ಮು ಹತ್ತಿದವರಂಗ ನಿಂತೇ ಬಿಡ್ತಿತ್ತು. ಮಂಚ, ಅಲಮಾರಿ ಆರ್ಡರು ಹೆಚ್ಚಾದ್ವು ಅಂತ ಆಳೆತ್ತರದ ಕಬ್ಬಿಣದ ಮಷೀನು ತರ್ಸಿದೆ. ಟೆಂಪೋದಿಂದ ಇಳಿಸಿ ನೋಡಿದ್ರ ಬಾಗಲದಾಗ ಹಿಡಿಸವಲ್ದು! ಊರ ಮಂದಿ ಬಾಗಲಾ ಅಳದು ಮಾಡಂವ ನಾನು, ನನ್ನ ಬಾಗಲಾ ಅಳೀಲಿಕ್ಕೆ ಮರ್ತಿದ್ದೆ.

ನಾನೇ ಮಾಡಿ ಕೂಡಿಸಿದ ಚೌಕಟ್ಟು, ಕಿತ್ತು ತಗೀರಿ ಅಂದೆ. ನಾಲ್ಕು ಮಂದಿ ಹಮಾಲರು ಮಧ್ಯಾಹ್ನದ ತನಕ ಜಗ್ಗಿದ್ರೂ ಅದು ಮಿಸುಕಾಡ್ಲಿಲ್ಲ. ಕಡೀಗೆ ಗ್ವಾಡಿನೇ ಒಡದ್ವಿ. ಒಬ್ಬ ಹಮಾಲ ಬೆವರು ಒರಸ್ಕೊಂತ, "ಮಿಸ್ತ್ರಿ, ನಮ್ಮ ಮನಿಗೂ ಇಂಥದೇ ಚೌಕಟ್ಟು ಬೇಕ್ರಿ" ಅಂದ. ಹೊಸ ಮಷೀನಿನ ಮೊದಲ ಆರ್ಡರು ಅದೇ.

ಚಪ್ಪಲಿ

ಕಾಕಾ ಅಂದ್ರ ರಕ್ತದ ಸಂಬಂಧ ಅಲ್ಲ. ಇಪ್ಪತ್ತು ವರ್ಷ ಹಲಗಿಯ ಈ ತುದಿ ನಾ ಹಿಡದ್ರ ಆ ತುದಿ ಅಂವ ಹಿಡೀತಿದ್ದ. ನಾ ಮಷೀನಿಗೆ ದಬ್ಬೂದು, ಅಂವ ಆ ಕಡಿಯಿಂದ ಎಳಕೊಳ್ಳೂದು. ಹೊಸ ಮಷೀನಿಗೆ ಆ ಕಡಿ ರೋಲರ್ ಅವ, ಹಲಗಿ ತಾನೇ ಉರುಳ್ಕೊಂತ ಹೋಗ್ತದ. ಕಾಕಾ ಎರಡು ದಿನ ಸುಮ್ನ ನೋಡಿದ. ಮೂರನೇ ದಿನ, "ನಾ ಎಲ್ಲಿ ನಿಂದ್ರಲಿ?" ಅಂತ ಕೇಳಿದ.

ನಾ ಚ್ಯಾಷ್ಟಿ ಮಾಡ್ಲಿಕ್ಕೆ ಹೋಗಿ, "ನಿಂದ್ರೂದ್ಯಾಕ? ಕುರ್ಚಿ ಹಾಕ್ತೀನಿ, ರಾಜಾನಂಗ ಕೂಡು" ಅಂದೆ.

"ಕುಂದ್ರಲಿಕ್ಕೆ ನಮ್ಮನಿ ಕಟ್ಟಿ ಅದ" ಅಂತ ಹೊಂಟೇ ಬಿಟ್ಟ. ನಾಲ್ಕು ತಿಂಗಳು ಈ ಕಡಿ ಹಣಿಕಿ ಹಾಕ್ಲಿಲ್ಲ. ಸಿಟ್ಟಿನ್ಯಾಗ ನನ್ನ ಹೊಸ ಚಪ್ಪಲಿ ಮೆಟ್ಕೊಂಡು ಹೋಗಿದ್ದ. ಕರೀಲಿಕ್ಕೆ ಹೋಗ್ಬೇಕಂತ ದಿನಾ ಅನ್ಕೊತಿದ್ದೆ, ನನಗೂ ಸೊಕ್ಕು. ಕಾಕಾ ಇನ್ನ ಬರ್ತಾನೋ ಇಲ್ಲೋ ಅನ್ನೂದೊಂದೇ ಚಿಂತಿ, ಅಂವ ಬಿಟ್ಟು ಹೋದ ಹರಕು ಚಪ್ಪಲಿ ಮೆಟ್ಕೊಂಡೇ ತಿರುಗಾಡಿದೆ.

ಹಾಸಗಲ್ಲು

ಮಷೀನಿನ ಸುದ್ದಿ ಸೇಡಂ ತನಕ ಹೋತು. ಒಂದಿನ ಶಹಾಬಾದಿನವರೊಬ್ಬರು ಆಟೋದಾಗ ಹಾಸಗಲ್ಲು ಹೇರ್ಕೊಂಡು ಬಂದು, "ಇದನ್ನ ಎರಡು ಹೋಳು ಮಾಡ್ಕೊಡ್ರಿ" ಅಂದ್ರು.

"ಯಪ್ಪಾ, ಇದು ಕಟಗಿ ಕೊಯ್ಯೂದ್ರಿ. ಕಲ್ಲು ಕೊಯ್ಯೂ ಮಷೀನು ನಿಮ್ಮೂರಾಗೇ ಬೇಕಾದಷ್ಟು ಅವಲ್ಲ!"

"ಅಲ್ಲಿ ಭಾಳ ಧೂಳಾಗ್ತದ್ರಿ" ಅಂದ್ರು. ನಾ ಆಗ ತಲಿಯಿಂದ ಕಾಲಿನ ತನಕ ಕಟಗಿ ಪುಡಿಯೊಳಗ ಮುಳುಗಿ ನಿಂತಿದ್ದೆ.

ಮಾತಾಡ್ಲಿಕ್ಕೆ ಒಬ್ರು ಸಿಕ್ಕಾರಂತ ಚಾ ತರ್ಸಿ ತಾಸೊತ್ತು ಕೂಡಿಸ್ಕೊಂಡೆ. ಹೋಗೂಮುಂದ, "ಕಲ್ಲು ಇಲ್ಲೇ ಇರ್ಲಿ, ಪುರುಸೊತ್ತಾದಾಗ ಕೊಯ್ರಿ" ಅಂದು ಹೋದ್ರು. ಆ ಕಲ್ಲಿನ ಮ್ಯಾಲೇ ಕುಂತು ಒಬ್ಬನೇ ಬುತ್ತಿ ಉಣ್ತಿದ್ದೆ.

ಮೊಳಿ

ನಾಲವಾರ ಕಡಿಯ ಹಳ್ಳಿಯಿಂದ ಒಬ್ಬ ರೈತ ಹುಣಸಿ ದಿಮ್ಮಿ ತಂದ. ಅರ್ಧ ಕೊಯ್ದಿದ್ದೆ, ಠಣ್ ಅಂತು ನೋಡ್ರಿ, ಬ್ಲೇಡಿನ ಹಲ್ಲೆಲ್ಲಾ ಹೋದ್ವು. ನೋಡಿದ್ರ ಒಳಗ ಗೇಣುದ್ದದ ಮೊಳಿ. ಕಿತ್ತು ಕೈಯಾಗ ಹಿಡದೆ. ರೈತ ಎರಡು ಮಾರು ಹಿಂದ ಜಿಗಿದ.

"ಅಯ್ಯಯ್ಯೋ, ಅದನ್ಯಾಕ ತಗದ್ರಿ? ನಮ್ಮ ಅತ್ತಿ ದೆವ್ವಾಗಿ ಕಾಡ್ತಿದ್ಲು, ಮಂತ್ರ ಹಾಕ್ಸಿ ಈ ಮೊಳೀಲೆ ಗಿಡಕ್ಕ ಬಡಿದಿದ್ವಿ. ತಿರುಗಿ ಬಡೀರಿ, ಲಗೂನ ಬಡೀರಿ!"

"ಮತ್ತ ಈ ಕಟಗೀಲೆ ಏನ್ ಮಾಡ್ಸಂವ ಇದ್ದಿ?"

"ಮಂಚ."

ನಾ ಅಂದೆ, "ಇರ್ಲಿ ಬಿಡೋ. ಮೊಳಿ ಬಿಟ್ಟು ಹೊರಗ ಬಂದಿದ್ರ ಇಲ್ಲೇ ಇರ್ಲಿ ನಿಮ್ಮತ್ತಿ. ನನಗೂ ಹಗಲೆಲ್ಲಾ ಮಾತಾಡ್ಲಿಕ್ಕೆ ಯಾರೂ ಇಲ್ಲ." ಅಂವ ದಿಮ್ಮಿ ಅಲ್ಲೇ ಬಿಟ್ಟು ಓಡಿದ. ನಕ್ಕೆ ಖರೆ, ನಗು ಮುಗದ ಮ್ಯಾಲೆ ಅಂಗಡಿ ಮತ್ತಷ್ಟು ಖಾಲಿ ಅನ್ನಿಸ್ತು.

ದೆವ್ವ

ಮಿಸ್ತ್ರಿ ಅಂಗಡ್ಯಾಗ ದೆವ್ವ ಸೇರ್ಕೊಂಡದಂತ ಸುದ್ದಿ ಓಣಿ ತುಂಬ ಹಬ್ಬಿತು. ಸಾಕ್ಷಿನೂ ಸಿಕ್ತು: ಒಬ್ಬನೇ ಇದ್ದಾಗ ಮಿಸ್ತ್ರಿ ಯಾರ ಜೋಡಿನೋ ಮಾತಾಡ್ತಾನ, ಎದುರುಮನಿ ಅವ್ವಾರು ತಮ್ಮ ಕಿವೀಲೆ ಕೇಳ್ಯಾರ! ಗಿರಾಕಿಗೋಳು ಹೊರಗ ನಿಂತೇ ಅಳತಿ ಹೇಳ್ಲಿಕತ್ರು.

ಒಂದಿನ ಮಧ್ಯಾಹ್ನ ಉದ್ದನ್ನ ಹಲಗಿ ಕೊಯ್ಲಿಕತ್ತಿದ್ದೆ. "ಹಿಡಿ, ಸಾವಕಾಶ, ಜಗ್ಗಬ್ಯಾಡ" ಅಂತ ಬಾಯಿ ತನ್ನಷ್ಟಕ್ಕ ತಾ ನಡದಿತ್ತು. ಯಾರೋ ಒಳಗ ನುಗ್ಗಿದಂಗಾತು. ಕಾಕಾ! ಒಂದು ಕೈಯಾಗ ನಿಂಬಿಹಣ್ಣು, ಇನ್ನೊಂದರಾಗ ವಿಭೂತಿ. ಸೀದಾ ಹಲಗಿಯ ಆ ತುದಿಗೆ ಹೋಗಿ ಖಾಲಿ ಜಾಗಾಕ್ಕ ವಿಭೂತಿ ತೂರಿದ.

"ಯಾರು ನೀ? ಇಲ್ಲಿ ನಿಂದ್ರಲಿಕ್ಕೆ ನಿನಗ್ಯಾರು ಹೇಳ್ಯಾರ? ಬಿಡು ನಮ್ಮ ಹುಡುಗನ್ನ!"

ಐವತ್ತು ದಾಟಿದ ಹುಡುಗ ನಾನು. ಮಷೀನು ಬಂದ್ ಮಾಡಿದೆ. "ಕಾಕಾ, ಅಲ್ಲಿ ಯಾರೂ ಇಲ್ಲ."

"ಸುಳ್ಳು ಹೇಳಬ್ಯಾಡ. ನಾ ಕಿವಿಯಾರೆ ಕೇಳೀನಿ. ಯಾರ ಜೋಡಿ ಮಾತಾಡ್ಲಿಕತ್ತಿದ್ದಿ?"

"ನಿನ್ನ ಜೋಡಿ."

ಕಾಕಾ ಕಣ್ಣು ಒರಸ್ಕೊಂಡು, "ವಿಭೂತಿ ಹೋತು ಕಣ್ಣಾಗ" ಅಂದ. ನನ್ನ ಕಣ್ಣಾಗೂ ಹೋಗಿತ್ತು.

ಮರುದಿನ ಹಲಗಿಯ ಆ ತುದಿಗೆ ಕಾಕಾ ನಿಂತಿದ್ದ. ಎದುರುಮನಿ ಅವ್ವಾರು ದೂರದಿಂದಲೇ ಕೇಳಿದ್ರು, "ಮಿಸ್ತ್ರಿ, ದೆವ್ವ ಹೋತೇನ್ರಿ?"

"ಎಲ್ಲಿ ಹೋಗ್ತದವ್ವ, ತಿರುಗಿ ಬಂದದ" ಅಂದೆ. "ದಿನಕ್ಕ ನಾಲ್ಕು ಚಾ ಬೇಕಂತದ."