ಲಗ್ನಪತ್ರಿಕೆಯಲ್ಲಿ ನಾನು ಉಳಿದದ್ದು

ನನಗೆ ಸ್ವಲ್ಪ ಜಂಭವಿದೆ, ಇದ್ದರೆ ತಪ್ಪೇನು? ಗದಗದಲ್ಲಿ ಕೂತು ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವವನು ನಾನು. ಬೇರೆಯವರು ಅರ್ಧ ದಿನ ಕಣ್ಣು ಕೀಲಿಸಿಕೊಂಡು ಮಾಡುವ ತಿದ್ದುಪಡಿಯನ್ನು ರೆಗೆಕ್ಸ್ ಎಂಬ ಹುಡುಕುವ ಸೂತ್ರದ ಒಂದೇ ಸಾಲಿನಲ್ಲಿ ಮುಗಿಸಿ ಚಹಾಕ್ಕೆ ಏಳುವ ಸುಖ ಅಷ್ಟಿಷ್ಟಲ್ಲ.

ಲಕ್ಷ್ಮೇಶ್ವರದ ಅಕ್ಕ ತನ್ನ ಮಗಳ ಲಗ್ನಪತ್ರಿಕೆಯ ಬರಹ ಕಳಿಸಿ, "ಹೆಸರಿನ ಮುಂದ ಕಂಸದಾಗ ಊರು ಬರದೀನಿ, ಭಾಳ ಗಿಜಿಗಿಜಿ ಕಾಣತೈತಿ. ಊರಷ್ಟ ತಗದು ಎಲ್ಲಾರಿಗೂ ಕಳಸೋ" ಎಂದಳು. ನಮ್ಮ ಕಡೆ ಪತ್ರಿಕೆಯಲ್ಲಿ ದೊಡ್ಡಪ್ಪ, ಕಾಕಾ, ಮಾಮಾ ಎಲ್ಲರ ಹೆಸರೂ ಇರಬೇಕು. ಒಂದು ಬಿಟ್ಟುಹೋದರೂ ಆ ಮನೆಯವರು ಮದುವೆಗೆ ಬರುವುದಿಲ್ಲ, ಬಂದರೂ ಊಟಕ್ಕೆ ಕೂರುವುದಿಲ್ಲ. ಊರುಗಳನ್ನು ಕೈಯಿಂದ ಒಂದೊಂದಾಗಿ ಅಳಿಸಬಹುದಿತ್ತು. ಹಾಗೆ ಅಳಿಸಲು ನಾನೇನು ಓದಿಲ್ಲದವನೇ? ಕಂಸ ತೆರೆದಲ್ಲಿಂದ ಕಂಸ ಮುಚ್ಚುವವರೆಗೆ ಏನಿದ್ದರೂ ಅಳಿಸು ಎಂದು ಸೂತ್ರ ಬರೆದೆ, ಓಡಿಸಿದೆ, ಕಣ್ಣು ಹಾಯಿಸದೆ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ ಚಹಾಕ್ಕೆ ಎದ್ದೆ.

ಸೂತ್ರಕ್ಕೆ ಹಸಿವು ಜಾಸ್ತಿ. ಅಕ್ಕ ಉಸಿರು ಬಿಡದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದಳು. ಸೂತ್ರವು ಮೊದಲ ಕಂಸ ಮುಚ್ಚಿದಲ್ಲಿ ನಿಲ್ಲದೆ, ಸಾಲಿನ ಕಟ್ಟಕಡೆಯ ಕಂಸದವರೆಗೆ ನಡುವಿನ ಬಳಗವನ್ನೆಲ್ಲ ನುಂಗಿತ್ತು. ಉಳಿದವರು ಇಬ್ಬರು. ಸಾಲಿನ ಮೊದಲಿಗೆ ಹುಡುಗಿಯ ಅಜ್ಜ, ಕೊನೆಗೆ ಊರಿನ ಹೆಸರಿಲ್ಲದೆ ನಿಂತಿದ್ದ ಸೋದರಮಾವ, ಅಂದರೆ ನಾನು.

"ಎಲ್ಲಾರೂ ಹೋಗಿ, ಅಜ್ಜನ ಬಿಟ್ಟರ ನಿನ್ನ ಹೆಸರಷ್ಟ ಹೆಂಗ ಉಳೀತೋ?" ಫೋನಿನಲ್ಲಿ ಅಕ್ಕ ಕೇಳಿದಳು. "ಕೊರ್ಲಹಳ್ಳಿ ಭಾವನೋರು ಲಗ್ನಕ್ಕ ಬರೂದಿಲ್ಲ ಅಂತ ಕುಂತಾರ." ಭಾವನವರೆಂದರೆ ಹುಡುಗಿಯ ದೊಡ್ಡಪ್ಪ ಈರಪ್ಪನವರು. ಅವರು ನಿಲ್ಲದೆ ಆ ಮನೆಯಲ್ಲಿ ಹಂದರದ ಕಂಬ ಏಳುವುದಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸೂತ್ರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟೆ. ಮೊದಲು ಸಿಕ್ಕ ಕಂಸಕ್ಕೇ ನಿಲ್ಲು ಎಂದು ಅದರ ಅರ್ಥ. ಅಕ್ಕನ ಮೂಲ ಬರಹದ ಮೇಲೆ ಮತ್ತೆ ಓಡಿಸಿದಾಗ ಊರುಗಳು ಮಾತ್ರ ಹೋಗಿ ಬಳಗವೆಲ್ಲ ಸಾಲಾಗಿ ಎದ್ದು ನಿಂತಿತು. ಇಷ್ಟು ಚಿಕ್ಕ ಗುರುತಿನಿಂದ ಇಷ್ಟು ದೊಡ್ಡ ಬಳಗ ಉಳಿಸಿದವನು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡು ಅದನ್ನು ಗುಂಪಿಗೆ ಹಾಕಿ, ಈರಪ್ಪನವರಿಗೆ ನಾನೇ ಫೋನ್ ಮಾಡಿ ಸೂತ್ರ ಬಳಗವನ್ನು ನುಂಗಿದ ಕಥೆ ಹೇಳಿದೆ.

"ಹೆಸರು ಬಂತು, ಆತು," ಎಂದರು ಅವರು. "ಆದ್ರ ಇಂಜಿನಿಯರ್ ಸಾಹೇಬ್ರ, ಅದ ಸಾಲಿನ್ಯಾಗ ಹರ್ತಿ ಈರಪ್ಪನೂ ಅದಾನ. ಊರಿಲ್ದ ನಾ ಯಾವ ಈರಪ್ಪ ಅಂತ ಮಂದಿಗೆ ಹೆಂಗ ತಿಳೀಬೇಕ್ರಿ?"

ಊರುಗಳೆಲ್ಲ ಮರಳಿ ಬಂದವು. ಅಂದರೆ ಅಕ್ಕ ಮೊದಲು ಕಳಿಸಿದ ಬರಹವೇ ಅಚ್ಚಾಯಿತು. ವ್ಯತ್ಯಾಸ ಒಂದೇ, ಅದು ಈರಪ್ಪನವರು ಮದುವೆಗೆ ಬರಲು ಹಾಕಿದ ಕರಾರು. "ನಿಮ್ಮ ಹೆಸರಿನ ಮುಂದನೂ ಕಂಸದಾಗ ಗದಗ ಅಂತ ಹಾಕ್ರಿ. ಮುಂದಿನ ಸಲ ನಿಮ್ಮ ಸೂತ್ರ ನುಂಗಿದ್ರ ನೀವೂ ನಮ್ಮ ಜೋಡಿ ಹೋಗ್ರಿ."

ಹಾಕಿದೆ. ಸೂತ್ರದಿಂದಲ್ಲ, ಕೈಯಿಂದಲೇ.