ತಲೆ ಎತ್ತಿದ ಕುದುರೆ

"ಈ ವರ್ಷ ಅಂಗಡಿಯ ಅಚ್ಚಿನ ಕಾರ್ಡು ನಮ್ಮ ಹೊಸ್ತಿಲು ದಾಟಕೂಡದು. ಹೊಸವರ್ಷದ ನಲವತ್ತೆರಡು ಕಾರ್ಡೂ ನನ್ನ ಕೈಯಿಂದಲೇ!"

ಡಿಸೆಂಬರಿನ ಎರಡನೇ ಭಾನುವಾರ, ತೊಯಾಮಾ ಊರಿನ ಕುರಾಮೊಚಿ ತೆತ್ಸುಜಿ ಹೀಗೆಂದು ಘೋಷಿಸಿದಾಗ ಅವನ ಹೆಂಡತಿ ತೊಮಿಕೊ ಮೂಲಂಗಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ಅವಳು ನಿಲ್ಲಿಸಲಿಲ್ಲ.

"ರೀ, ಹೋದ ವರ್ಷ ವಿಳಾಸ ಬರೆಯೋದಕ್ಕೇ ಕೈನೋವು ಅಂದ್ರಿ. ಎಲ್ಲಾ ನಾನೇ ಬರೆದೆ."

"ಹೋದ ವರ್ಷ ನಮಗೆ ಬೀಗರು ಇದ್ರಾ?"

ಇರಲಿಲ್ಲ. ಈ ವರ್ಷ ಇದ್ದರು. ಮಗಳು ಚಿಹಾರು ಮೆಚ್ಚಿದ ಹುಡುಗನ ತಂದೆ ಇಸೊಗಾಯ್ ಅವರು ನಲವತ್ತು ವರ್ಷದಿಂದ ಕುಂಚದ ಬರವಣಿಗೆ ಕಲಿಸುವ ಗುರುಗಳು. ಒಂದು ಗೀಟು ಸೊಟ್ಟಗಾದರೆ ಊಟ ಸೇರದ ಜಾತಿ. ಜನವರಿ ನಾಲ್ಕಕ್ಕೆ ಮದುವೆಯ ದಿನ ಗೊತ್ತುಮಾಡಲು ಬರುವವರಿದ್ದರು. ಅದಕ್ಕೆ ಮೊದಲು ಅವರ ಕೈಗೆ ತನ್ನ ಕಲೆ ತಲುಪಬೇಕೆಂಬುದು ತೆತ್ಸುಜಿಯ ಲೆಕ್ಕಾಚಾರ. ಔಷಧಿ ಶೀಶೆಯ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಮುಚ್ಚಳಗಳ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದ ತನ್ನ ಕೈಯಲ್ಲಿ ತಪ್ಪಾಗುವುದುಂಟೇ ಎಂಬ ಧೈರ್ಯ ಬೇರೆ.

ವರ್ಷಕ್ಕೊಂದು ಪ್ರಾಣಿಯ ಲೆಕ್ಕದಲ್ಲಿ ಬರುತ್ತಿದ್ದದ್ದು ಕುದುರೆಯ ವರ್ಷ. ದೊಡ್ಡದೊಂದು ರಬ್ಬರು ತಂದು ಕುದುರೆ ವರ್ಷದ ಅಕ್ಷರ ಕೆತ್ತಲು ಕೂತ. ಆ ಅಕ್ಷರವೋ ಬಲು ಸುಲಭ. ಎಡಕ್ಕೊಂದು ಓರೆ ಗೀಟು, ಎರಡು ಅಡ್ಡಗೀಟು, ನಡುವೆ ಒಂದು ಉದ್ದ ಗೀಟು. ಉದ್ದ ಗೀಟು ಮೇಲಿನ ಅಡ್ಡಗೀಟಿನ ಕೆಳಗೇ ತೆಪ್ಪಗಿದ್ದರೆ ಕುದುರೆ. ಅದೇನಾದರೂ ತಲೆ ಎತ್ತಿತೋ, ಎತ್ತು! ಅಷ್ಟೇ ವ್ಯತ್ಯಾಸ.

ಅಚ್ಚಿನಲ್ಲಿ ಅಕ್ಷರ ತಿರುಗುಮುರುಗಾಗಿ ಇರಬೇಕೆಂದು ಕನ್ನಡಿ ಇಟ್ಟುಕೊಂಡು ಕೆತ್ತಿದ. ಮೂರು ಸಂಜೆ, ಎರಡು ಬೆರಳಿಗೆ ಪಟ್ಟಿ. ಮೇಲ್ಭಾಗದ ರಬ್ಬರನ್ನು ಇನ್ನೊಂದಿಷ್ಟು ಆಳಕ್ಕೆ ತೆಗೆಯಬೇಕಿತ್ತು. ಬೆರಳು ಉರಿಯುತ್ತಿದ್ದುದರಿಂದ "ಸಾಕು, ಶಾಯಿ ಅಲ್ಲಿಗೆಲ್ಲ ಮುಟ್ಟಲ್ಲ" ಎಂದು ಬಿಟ್ಟ.

ಮೊದಲ ಏಳು ಕಾರ್ಡು ಮುತ್ತಿನಂತೆ ಬಂದವು. ಎಂಟನೆಯದಕ್ಕೆ ಕೆಂಪು ಶಾಯಿಯ ದಿಂಡು ಒಣಗಿತು. ಅಂಗಡಿಗೆ ಹೋಗೋಣವೆಂದರೆ ಹೊರಗೆ ಮೊಣಕಾಲುದ್ದ ಹಿಮ. ಮನೆಪತ್ರ, ಬ್ಯಾಂಕಿನ ಕಾಗದಕ್ಕೆಂದು ತೊಮಿಕೊ ಜೋಪಾನವಾಗಿಟ್ಟಿದ್ದ ಮೊಹರಿಗೆ ಹಚ್ಚುವ ಕೆಂಪಿನ ಡಬ್ಬಿ ತೆತ್ಸುಜಿಯ ಕಣ್ಣಿಗೆ ಬಿತ್ತು. ಅದು ಅಂಟು ಅಂಟಾದ ಕೆಂಪು, ರಬ್ಬರಿಗೆ ಸರಿಯಾಗಿ ಹತ್ತದು. ಅದಕ್ಕೇ ಬಲವಾಗಿ ಒತ್ತಿದ. ಇಪ್ಪತ್ತನೆಯ ಕಾರ್ಡಿನ ಹೊತ್ತಿಗೆ ಮೊಣಕಾಲೂರಿ ಒತ್ತುತ್ತಿದ್ದ. ಮೂವತ್ತರ ಮೇಲೆ ಅಚ್ಚಿನ ಮೇಲೆ ಕೂತೇಬಿಡುತ್ತಿದ್ದ.

ಆ ಕೆಂಪಿಗೆ ಇನ್ನೊಂದು ಗುಣವಿತ್ತು. ಅದು ಬೇಗ ಒಣಗುವುದಿಲ್ಲ. ಕಾರ್ಡುಗಳನ್ನು ಚಾಪೆಯ ಮೇಲೆ, ಮೆಟ್ಟಿಲ ಮೇಲೆ, ಸ್ನಾನದ ತೊಟ್ಟಿಯ ಮುಚ್ಚಳದ ಮೇಲೆ ಹರಡಿದ. ಒಳಕೋಣೆಯಲ್ಲಿ ಬಟ್ಟೆ ಒಣಹಾಕಿ ಬಂದ ತೊಮಿಕೊ ಮೊದಲನೆಯದನ್ನು ತುಳಿದಳು, ಜಾರಿದಳು, ಎರಡನೆಯದರ ಮೇಲೆ ಅಂಗೈ ಊರಿದಳು, ಏಳಲೆಂದು ಜಾರುಬಾಗಿಲು ಹಿಡಿದಳು. ವರ್ಷಕ್ಕೊಮ್ಮೆಯ ಶುಚಿ ಕೆಲಸದಲ್ಲಿ ಹಿಂದಿನ ದಿನವಷ್ಟೇ ಬಿಳಿ ಕಾಗದ ಅಂಟಿಸಿದ್ದ ಬಾಗಿಲು.

ಐದು ಬೆರಳೂ ಸ್ಪಷ್ಟವಾಗಿ ಮೂಡಿದವು.

"ಅಚ್ಚು ಅಂದ್ರೆ ಇದು," ಎಂದ ತೆತ್ಸುಜಿ. ಆಮೇಲೆ ಎರಡು ದಿನ ತನ್ನ ಅನ್ನ ತಾನೇ ಬಡಿಸಿಕೊಂಡ.

ಹಾಳಾದ ಎರಡಕ್ಕೆ ಬದಲಿ ಒತ್ತಿ, ವಿಳಾಸ ಬರೆದು, ಒಂದು ಕಾರ್ಡು ಮಿಕ್ಕಿಸಿಕೊಂಡು, ಇಪ್ಪತ್ತೈದನೇ ತಾರೀಕಿಗೆ ಸರಿಯಾಗಿ ಅಂಚೆ ಡಬ್ಬಿಗೆ ಹಾಕಿದ. ಆ ದಿನ ಅವನ ನಡಿಗೆಯೇ ಬೇರೆಯಿತ್ತು.

ಜನವರಿ ಒಂದು. ಮೋಚಿ ಎಂಬ ಅಕ್ಕಿಕಡುಬು ಹಾಕಿದ ಸಾರು ಬಟ್ಟಲಿಗೆ ಬಿದ್ದಿತ್ತಷ್ಟೆ, ಸೋದರತ್ತೆಯ ಫೋನು.

"ತೆತ್ಸು, ಹೊಸವರ್ಷದ ಶುಭಾಶಯ ಕಣೋ. ಅಲ್ವೋ, ಎತ್ತಿನ ವರ್ಷ ಹೋಗಿ ಐದು ವರ್ಷ ಆಯ್ತಲ್ಲೋ. ಆಗ ಉಳಿದ ಕಾರ್ಡು ಈಗ ಖರ್ಚು ಮಾಡ್ತಿದ್ದೀಯಾ? ನಿಮ್ಮಪ್ಪನೂ ಹೀಗೇ ಜಿಪುಣ."

ತೆತ್ಸುಜಿ ಮಿಕ್ಕಿದ್ದ ಕಾರ್ಡನ್ನು ತಂದು ನೋಡಿದ. ತೊಮಿಕೊ ನೋಡಿದಳು. ಆಳಕ್ಕೆ ತೆಗೆಯದ ರಬ್ಬರು ಮೊಣಕಾಲಿನ ಭಾರಕ್ಕೆ ಕಾಗದ ಮುಟ್ಟಿತ್ತು. ಅಡ್ಡಗೀಟಿನ ಮೇಲೆ ಒಂದು ಪುಟ್ಟ ಕೆಂಪು ತಲೆ.

"ಎತ್ತು," ಎಂದಳು ತೊಮಿಕೊ.

"ಮೊದಲ ಏಳು ಮಾತ್ರ ಕುದುರೆ," ಎಂದ ತೆತ್ಸುಜಿ.

"ಬೀಗರಿಗೆ ಹೋದದ್ದು ಯಾವುದು?"

"ಎಲ್ಲಾ ಕಲಸಿ ಆಮೇಲೆ ವಿಳಾಸ ಬರೆದೆ."

ಅಕ್ಷರವೇ ಉಸಿರೆನ್ನುವ ಮನುಷ್ಯನಿಗೆ, ಹೆಣ್ಣಿನ ಮನೆಯಿಂದ ಮೊದಲ ಶುಭಾಶಯ, ತಪ್ಪಕ್ಷರದಲ್ಲಿ. ನಾಗೊಯಾದಲ್ಲಿದ್ದ ಚಿಹಾರು ಫೋನಿನಲ್ಲಿ ಅಳಲಿಲ್ಲ. "ಅಪ್ಪ, ದಯವಿಟ್ಟು ಇನ್ನೇನೂ ಮಾಡಬೇಡ" ಎಂದಳು. ಅತ್ತಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

ತೊಮಿಕೊ ಆಜ್ಞೆ ಹೊರಡಿಸಿದಳು. "ಬಾಯಿ ಮುಚ್ಚಿಕೊಂಡಿರಿ. ಅವರು ಕೇಳಿದ್ರೆ ಮಾತ್ರ ಹೇಳಿ. ಕೇಳದಿದ್ರೆ ಹಬ್ಬಕ್ಕೆ ಮಾಡಿರೋ ಪಾಕದ ಕರಿಕಾಳು ತಿನ್ನಿ."

ನಾಲ್ಕನೇ ತಾರೀಕು ಇಸೊಗಾಯ್ ದಂಪತಿ ಬಂದರು. ಹಿಂದೆ ಚಿಹಾರು ಮತ್ತು ಹುಡುಗ. ಗುರುಗಳು ಬೆನ್ನು ನೆಟ್ಟಗೆ ಮಾಡಿ ಕೂತರು. ಕಾರ್ಡಿನ ಮಾತೆತ್ತಲಿಲ್ಲ. ಹಿಮದ ಮಾತಾಡಿದರು. ತೆತ್ಸುಜಿ ಪಾಕದ ಕರಿಕಾಳು ತಿಂದ. ಗುರುಗಳು ಮೀನಿನ ಮಾತಾಡಿದರು. ತೆತ್ಸುಜಿ ಇನ್ನಷ್ಟು ತಿಂದ. ಆಮೇಲೆ ಗುರುಗಳು ತಲೆಯೆತ್ತಿ ಗೋಡೆಯ ಕ್ಯಾಲೆಂಡರಿನ ಕುದುರೆಯನ್ನು ಒಮ್ಮೆ ನೋಡಿದರು.

ಅಷ್ಟು ಸಾಕಾಯಿತು. ತೆತ್ಸುಜಿ ಹಣೆಯನ್ನು ಚಾಪೆಗೆ ಹಚ್ಚಿಬಿಟ್ಟ.

"ಬೀಗರೇ, ಕ್ಷಮಿಸಬೇಕು! ಆ ಎತ್ತು ಕುದುರೆ!"

"ರೀ," ಎಂದಳು ತೊಮಿಕೊ.

ಕಟ್ಟೆ ಒಡೆದಿತ್ತು. ರಬ್ಬರು ಆಳಕ್ಕೆ ತೆಗೆಯದ್ದು, ಮೊಹರಿನ ಕೆಂಪು ಕದ್ದದ್ದು, ಅಚ್ಚಿನ ಮೇಲೆ ಕೂತದ್ದು, ತೊಮಿಕೊ ಬಿದ್ದದ್ದು ಎಲ್ಲ ಬಂತು. ಅಲ್ಲಿಗೂ ನಿಲ್ಲಲಿಲ್ಲ. ಮೊದಲ ಭೇಟಿಯಲ್ಲಿ ತನಗೂ ಕುಂಚದ ಅಭ್ಯಾಸವಿದೆ ಎಂದದ್ದು ಸುಳ್ಳು, ಆಗ ತೋರಿಸಿದ ಬರಹ ತೊಮಿಕೊಳದ್ದು, ಚಿಹಾರು ಅಡುಗೆ ಬಲ್ಲಳು ಎಂಬುದನ್ನೂ ಅರ್ಧಕ್ಕರ್ಧ ಕಳೆದು ಕೇಳಬೇಕು, ಎಂದು ಒಪ್ಪಿಸಿದ. ಚಿಹಾರು ಕಣ್ಣು ಮುಚ್ಚಿಕೊಂಡಳು. ಅವನ ಮಾತು ನಿಂತಾಗ ಇಪ್ಪತ್ತು ನಿಮಿಷವಾಗಿತ್ತು.

ಗುರುಗಳು ಹೆಂಡತಿಯ ಕಡೆ ನೋಡಿದರು. ಆಕೆ ಕೈಚೀಲದಿಂದ ರೇಷ್ಮೆ ಬಟ್ಟೆ ತೆಗೆದು ಬಿಡಿಸಿದರು. ಒಳಗೆ ಕಾರ್ಡು. ಅದರ ಮೇಲೆ ಅಚ್ಚುಕಟ್ಟಾದ ಕೆಂಪು ಕುದುರೆ. ಮೊದಲ ಏಳರಲ್ಲೊಂದು.

"ನಮಗೆ ಬಂದದ್ದು ಇದು," ಎಂದರು ಗುರುಗಳು ಮೆಲ್ಲಗೆ. "ಉದ್ದ ಗೀಟು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ. ‘ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋ ಮನುಷ್ಯ, ಇಂಥ ಬೀಗರು ಸಿಗೋದು ನಮ್ಮ ಪುಣ್ಯ’ ಅಂತ ನಾಲ್ಕು ದಿನದಿಂದ ಇವಳ ಹತ್ರ ಹೇಳ್ತಾನೇ ಇದ್ದೆ."

ಚಹಾ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಮದುವೆ ಮಾರ್ಚಿನಲ್ಲಿ ಇಟ್ಟುಕೊಳ್ಳೋಣ, ನಮ್ಮದೇನೂ ಅಡ್ಡಿಯಿಲ್ಲ. ಆ ‘ಎಲ್ಲಿ ನಿಲ್ಲಿಸಬೇಕು’ ಅನ್ನೋ ಮಾತು ಮಾತ್ರ ವಾಪಸ್ ತಗೋತೀನಿ."